ಮಗ್ಗದ ಮುಂದೆ ಒಂದು ವರ್ಷ: ಲಾಳಿ ಹಿಡಿಯುವ ಮೊದಲಿನ ಕೆಲಸವೇ ಜಾಸ್ತಿ

ಈ ವರ್ಷದ ಕೊನೆಯ ಬಟ್ಟೆ ಮಗ್ಗದಿಂದ ಇಳಿದು, ತೊಳೆದು, ಒಣಗಿ, ಅಂಚು ಹೊಲಿದೂ ಆಯಿತು. ಹತ್ತಿಯ ಟವೆಲ್‌ಗಳಿಂದ ಶುರು ಮಾಡಿದ್ದೆ. ಆಮೇಲೆ ಟ್ವಿಲ್ (ಓರೆ ಗೆರೆ ಬೀಳುವ) ನೇಯ್ಗೆಯ ಹೊದಿಕೆ, ಲಿನನ್ ಮೇಜುಬಟ್ಟೆ, ವಾಫಲ್ ನೇಯ್ಗೆಯ ಮುಖ ಒರೆಸುವ ಬಟ್ಟೆ, ಕೊನೆಗೆ ಅಗಲವಾದ ಒಂದು ಉಣ್ಣೆ ಕಂಬಳಿ. ಎಲ್ಲವೂ ನಾಲ್ಕು ಶಾಫ್ಟ್‌ನ ಒಂದೇ ಮಗ್ಗದ ಮೇಲೆ ಆದವು. ಶಾಫ್ಟ್ ಅಂದರೆ ಎಳೆಗಳನ್ನು ಗುಂಪಾಗಿ ಎತ್ತಿ ಇಳಿಸುವ ಚೌಕಟ್ಟು. ಮಗ್ಗ ತಂದು ಮನೆಯಲ್ಲಿಟ್ಟುಕೊಂಡು, ಮುಂದೇನು ಎಂದು ನೋಡುತ್ತಿರುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೇಯ್ಗೆ ಅಂದರೆ ಲಾಳಿ ಆಚೆ ಈಚೆ ಓಡಿಸುವುದು ಎಂದುಕೊಂಡು ಬರುವವರೇ ಹೆಚ್ಚು. ಲಾಳಿ ಓಡಿಸುವುದು ಕೆಲಸದ ಸಣ್ಣ ಭಾಗ. ನೂಲು ಆರಿಸುವುದು, ಲೆಕ್ಕ ಹಾಕುವುದು, ಹಾಸು (ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳು) ಎಳೆಯುವುದು, ಒಂದೊಂದೇ ಎಳೆಯನ್ನು ಹೆಡಲ್ (ಶಾಫ್ಟ್‌ನಲ್ಲಿ ತೂಗುವ, ನಡುವೆ ತೂತಿರುವ ತಂತಿ) ಕಣ್ಣಿಗೆ ಪೋಣಿಸುವುದು, ಇದರಲ್ಲೇ ಮುಕ್ಕಾಲು ಸಮಯ ಹೋಗುತ್ತದೆ. ಕೊನೆಗೆ ತೊಳೆಯುವುದು ಬೇರೆ. ಇಷ್ಟು ಗೊತ್ತಿದ್ದು ಕೂತರೆ ಬೇಸರ ಆಗುವುದಿಲ್ಲ. ಗೊತ್ತಿಲ್ಲದೆ ಕೂತವರು ಮೊದಲ ಹಾಸಿನಲ್ಲೇ ಮಗ್ಗ ಬಿಡುವುದನ್ನು ನಾನು ನೋಡಿದ್ದೇನೆ.

ಮೊದಲ ತೊಡಕು ನೂಲು ಕೊಳ್ಳುವಾಗಲೇ ಬಂತು. ನೂಲು ಸುತ್ತಿದ ಕೋನ್ ಮೇಲೆ 8/2 ಎಂದು ಬರೆದಿರುತ್ತದೆ. ಇನ್ನೊಂದರ ಮೇಲೆ 2/40. ಮತ್ತೊಂದರ ಮೇಲೆ 16/2. ಇವುಗಳಲ್ಲಿ ಯಾವುದು ದಪ್ಪ, ಯಾವುದು ತೆಳು? ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಆಮೇಲೆ ಕೂತು ಅರ್ಥ ಮಾಡಿಕೊಂಡಿದ್ದು ಹೀಗೆ. ಹತ್ತಿ ನೂಲಿಗೆ 840 ಗಜದ ಒಂದು ಲಡಿ ಅಳತೆ. ಒಂದು ಪೌಂಡ್ ತೂಕದಲ್ಲಿ ಇಂಥ ಎಷ್ಟು ಲಡಿ ಬರುತ್ತವೋ ಅದೇ ಆ ನೂಲಿನ ನಂಬರು. ನಂಬರು ದೊಡ್ಡದಾದಷ್ಟೂ ನೂಲು ತೆಳು. 8/2 ಅಂದರೆ 8ನೇ ನಂಬರಿನ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು. ಎರಡು ಸೇರಿದ್ದರಿಂದ ಲೆಕ್ಕಕ್ಕೆ 4 ಹಿಡಿಯಬೇಕು. 4ನ್ನು 840ರಿಂದ ಗುಣಿಸಿದರೆ ಪೌಂಡಿಗೆ 3,360 ಗಜ. ಕಿಲೋಗೆ ಸುಮಾರು 6,770 ಮೀಟರ್.

2/40 ಎಂದು ಬರೆದಿದ್ದರೆ ಅಲ್ಲಿ ಎಳೆಯ ಸಂಖ್ಯೆ ಮೊದಲು ಬಂದಿದೆ, ಅಷ್ಟೇ. 40ನೇ ನಂಬರಿನ ಎರಡು ಎಳೆ. ಲೆಕ್ಕಕ್ಕೆ 20. ಅಂದರೆ 8/2ಕ್ಕಿಂತ ಐದು ಪಟ್ಟು ಉದ್ದ ಬರುವ ತೆಳು ನೂಲು. ಬರೆಯುವ ಕ್ರಮ ಯಾವುದೇ ಇರಲಿ, ಸಾಮಾನ್ಯವಾಗಿ ಸಣ್ಣ ಸಂಖ್ಯೆ ಎಳೆಯದ್ದು, ದೊಡ್ಡದು ನೂಲಿನ ನಂಬರು.

ಲಿನನ್‌ಗೆ ಬಂದರೆ ಅಳತೆಯೇ ಬೇರೆ. ಅದಕ್ಕೆ 840 ಅಲ್ಲ, 300 ಗಜ. ಹಾಗಾಗಿ 16/2 ಹತ್ತಿ ಪೌಂಡಿಗೆ 6,720 ಗಜ ಬಂದರೆ, 16/2 ಲಿನನ್ ಬರುವುದು 2,400 ಗಜ ಮಾತ್ರ. ನಂಬರು ಒಂದೇ, ದಪ್ಪ ಬೇರೆ. ಹತ್ತಿಗೆ ಹಾಕಿದ ಲೆಕ್ಕವನ್ನೇ ಇಟ್ಟುಕೊಂಡು ಲಿನನ್ ತರಿಸಿದರೆ ಅರ್ಧದಲ್ಲೇ ನೂಲು ಮುಗಿಯುತ್ತದೆ. ಕೊಳ್ಳುವಾಗ ನಂಬರು ಕೇಳುವುದರ ಜೊತೆಗೆ ಕಿಲೋಗೆ ಎಷ್ಟು ಮೀಟರ್ ಅಂತಲೂ ಕೇಳಿ. ಆ ಉತ್ತರದಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಇನ್ನು ಬಣ್ಣದ ಲಾಟ್, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಕಂತು. ಟವೆಲ್‌ಗೆ ನೀಲಿ ನೂಲು ತರಿಸಿದ್ದೆ. ಎರಡು ಕೋನ್ ಬಂತು, ಎರಡರ ಮೇಲೂ ಬಣ್ಣದ ಹೆಸರು ಒಂದೇ. ದೀಪದ ಬೆಳಕಿನಲ್ಲಿ ಇಟ್ಟಾಗ ವ್ಯತ್ಯಾಸ ಕಾಣಲಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದಾಗ ಒಂದು ಸ್ವಲ್ಪ ಹಸಿರು ಕಡೆಗೆ ವಾಲಿದೆ ಎಂದು ಗೊತ್ತಾಯಿತು. ಚೀಟಿ ನೋಡಿದೆ, ಲಾಟ್ ನಂಬರು ಬೇರೆ ಬೇರೆ. ಬದಲಾಯಿಸಿ ಕೊಡಿ ಎಂದು ಕೇಳಿದೆ. ಆ ಲಾಟ್ ಮುಗಿದಿದೆ, ಹೊಸದು ಬರುವವರೆಗೆ ಕಾಯಿರಿ ಎಂದರು. ವಾರಗಟ್ಟಲೆ ಕಾದೆ. ಕೊನೆಗೆ ಬಂದಿದ್ದು ಮೂರನೇ ಒಂದು ಲಾಟ್! ಬಹಳ ಬೇಜಾರಾಯಿತು. ಆಮೇಲೆ ಒಂದು ಕೋನ್ ಅನ್ನು ಪೂರ್ತಿ ಹಾಸಿಗೆ, ಇನ್ನೊಂದನ್ನು ಪೂರ್ತಿ ಹೊಕ್ಕಿಗೆ, ಅಂದರೆ ಲಾಳಿ ಅಡ್ಡಲಾಗಿ ಒಯ್ಯುವ ಎಳೆಗೆ, ಬಳಸಿದೆ. ಹಾಸು ಹೊಕ್ಕು ಒಂದಕ್ಕೊಂದು ದಾಟುವಾಗ ಎರಡು ಬಣ್ಣವೂ ಬಟ್ಟೆಯ ತುಂಬಾ ಸಮವಾಗಿ ಬೆರೆಯುತ್ತವೆ. ಎಲ್ಲೂ ಪಟ್ಟೆ ಬೀಳುವುದಿಲ್ಲ. ನಿಮಗೂ ಇದೇ ಪರಿಸ್ಥಿತಿ ಬಂದರೆ ಹೀಗೇ ಮಾಡಿ. ಬಿಲ್ಲನ್ನೂ ಕೋನ್ ಒಳಗಿನ ಚೀಟಿಯನ್ನೂ ಕೆಲಸ ಮುಗಿಯುವವರೆಗೆ ಎಸೆಯಬೇಡಿ.

ಲೆಕ್ಕದ ವಿಚಾರಕ್ಕೆ ಬರುತ್ತೇನೆ. ಇದನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ. ಟವೆಲ್ ಮುಗಿದ ಮೇಲೆ 18 ಇಂಚು ಅಗಲ, 28 ಇಂಚು ಉದ್ದ ಇರಬೇಕು, ಒಟ್ಟು ನಾಲ್ಕು ಬೇಕು ಎಂದಿಟ್ಟುಕೊಳ್ಳಿ. ಹಾಸಿಗೆ 18 ಇಂಚಿನ ಲೆಕ್ಕ ಹಾಕಿದರೆ ಟವೆಲ್ 16 ಇಂಚಿಗೆ ಬಂದು ನಿಲ್ಲುತ್ತದೆ. ನೇಯುವಾಗ ಹೊಕ್ಕು ಎರಡೂ ಬದಿಯನ್ನು ಒಳಗೆ ಎಳೆಯುತ್ತದೆ. ತೊಳೆದಾಗ ಹತ್ತಿ ಇನ್ನಷ್ಟು ಕುಗ್ಗುತ್ತದೆ. ಎರಡಕ್ಕೂ ಸೇರಿಸಿ ಹಣಿಗೆಯಲ್ಲಿ (ಎಳೆಗಳನ್ನು ಸಮ ಅಂತರದಲ್ಲಿ ಹಿಡಿದು ಹೊಕ್ಕನ್ನು ಒತ್ತುವ ಬಾಚಣಿಗೆಯಂಥ ಭಾಗ) 20 ಇಂಚು ಹಿಡಿದೆ. ಇಂಚಿಗೆ 20 ಎಳೆ. ಒಟ್ಟು 400 ಎಳೆ.

ಉದ್ದ ನೋಡಿ. 28 ಇಂಚಿಗೆ ಮಡಿಚಿ ಹೊಲಿಯಲು 2 ಇಂಚು. ಎಳೆ ಮೇಲೆ ಕೆಳಗೆ ಹೋಗುವಾಗ ತಿನ್ನುವ ಉದ್ದ, ಕುಗ್ಗುವುದು, ಎಲ್ಲಾ ಸೇರಿ ಒಂದಕ್ಕೆ 34 ಇಂಚು. ನಾಲ್ಕಕ್ಕೆ 136. ಇದರ ಮೇಲೆ ಮಗ್ಗಕ್ಕೆ ಕೊಡಬೇಕಾದ ಪಾಲು ಇದೆ. ಮುಂದೆ ಗಂಟು ಕಟ್ಟುವುದಕ್ಕೆ, ಹಿಂದೆ ಹೆಡಲ್ ದಾಟಿ ಬರಲಾಗದೆ ಉಳಿಯುವುದಕ್ಕೆ ನನ್ನ ಮಗ್ಗದಲ್ಲಿ 30 ಇಂಚು ಬೇಕು. ಒಟ್ಟು 166 ಇಂಚು, ಅಂದರೆ ಸುಮಾರು 4.2 ಮೀಟರ್. 400 ಎಳೆಗೆ 1,680 ಮೀಟರ್. 8/2 ನೂಲಿನಲ್ಲಿ ಹಾಸಿಗೇ ಹತ್ತಿರ ಹತ್ತಿರ 250 ಗ್ರಾಂ. ಹೊಕ್ಕಿಗೆ ಇನ್ನೊಂದು 200 ಗ್ರಾಂ ಇಟ್ಟುಕೊಂಡರೆ ಸಾಕು.

ಆ 30 ಇಂಚನ್ನು ಗಮನಿಸಿ. ಒಂದು ಟವೆಲ್ ನೇಯ್ದರೂ ಅಷ್ಟೇ ವೇಸ್ಟ್, ಹತ್ತು ನೇಯ್ದರೂ ಅಷ್ಟೇ. ಹಾಗಾಗಿ ಸುಮ್ನೆ ಒಂದು ನೋಡೋಣ ಎಂದು ಚಿಕ್ಕ ಹಾಸು ಹಾಕುವುದು ನಷ್ಟ. ಇಷ್ಟೆಲ್ಲಾ ಪೋಣಿಸುವ ಶ್ರಮವೂ ಒಂದಕ್ಕೇ ಮುಗಿದುಹೋಗುತ್ತದೆ.

ಇಂಚಿಗೆ 20 ಎಳೆ ಎಂದು ಹೇಗೆ ಗೊತ್ತಾಯಿತು? ಒಂದು ಅಳತೆಪಟ್ಟಿಗೆ ನೂಲನ್ನು ಒತ್ತಿಯೂ ಅಲ್ಲದೆ ಸಡಿಲವೂ ಅಲ್ಲದೆ ಪಕ್ಕ ಪಕ್ಕ ಸುತ್ತಬೇಕು. ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತೋ ಅದರ ಅರ್ಧ ಸಾದಾ ನೇಯ್ಗೆಗೆ. ಟ್ವಿಲ್ ಆದರೆ ಮೂರರಲ್ಲಿ ಎರಡು ಪಾಲು. ಸಾದಾ ನೇಯ್ಗೆಯಲ್ಲಿ ಹೊಕ್ಕು ಪ್ರತಿ ಎಳೆಯ ನಡುವೆಯೂ ನುಸುಳಬೇಕು, ಅದಕ್ಕೆ ಜಾಗ ಬೇಕು. ಟ್ವಿಲ್‌ನಲ್ಲಿ ಎರಡು ಎಳೆ ದಾಟಿ ನುಸುಳುತ್ತದೆ. ಅದಕ್ಕೇ ಎಳೆ ಹತ್ತಿರ ಕೂರಿಸಬಹುದು. ಕೂರಿಸದಿದ್ದರೆ ಬಟ್ಟೆ ಜಾಳುಜಾಳಾಗುತ್ತದೆ.

ನನಗೆ ಮಗ್ಗ ಕಲಿಸಿದವರು ಒಬ್ಬ ಹಿರಿಯ ನೇಕಾರರು. ಅಜ್ಜ ಎಂದೇ ಕರೆಯುತ್ತೇನೆ. ಹಾಸು ಎಳೆಯುವಾಗ ಅವರು ನನ್ನನ್ನು ಅವಸರ ಮಾಡಲು ಬಿಡಲೇ ಇಲ್ಲ. ಗೂಟಗಳ ಹಲಗೆಯ ಮೇಲೆ ಎಳೆ ಸುತ್ತುತ್ತಾ ಹೋದಾಗ ಒಂದು ತುದಿಯಲ್ಲಿ ಎಳೆಗಳು ಎಂಟರ ಆಕಾರದಲ್ಲಿ ಒಂದನ್ನೊಂದು ದಾಟಬೇಕು. ಆ ದಾಟು ಉಳಿದರೆ ಎಳೆಗಳು ತಮ್ಮ ಸರದಿಯಲ್ಲೇ ಇರುತ್ತವೆ. ಅದು ಜಾರಿತೆಂದರೆ 400 ಎಳೆಯೂ ಒಂದೇ ಸಿಕ್ಕು. "ದಾಟಿಗೆ ನಾಲ್ಕೂ ಕಡೆ ದಾರ ಕಟ್ಟು ಮಗಾ, ಆಮೇಲೆ ಹಲಗೆಯಿಂದ ತೆಗಿ," ಎನ್ನುತ್ತಿದ್ದರು. ಪ್ರತಿ ಸಲವೂ ಬೇರೆ ಬಣ್ಣದ ದಾರದಲ್ಲಿ ಕಟ್ಟಿದೆ. ಇಡೀ ವರ್ಷ ಒಂದು ಹಾಸೂ ಕೈಕೊಡಲಿಲ್ಲ.

ಹಾಸನ್ನು ಬೀಮ್‌ಗೆ, ಅಂದರೆ ಮಗ್ಗದ ಹಿಂದಿನ ಉರುಳೆಗೆ, ಸುತ್ತುವಾಗ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು. ಒಬ್ಬರು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಸುತ್ತುಗಳ ನಡುವೆ ದಪ್ಪ ಕಾಗದ ಕೊಡಬೇಕು. ಕಾಗದ ಇಲ್ಲದಿದ್ದರೆ ಮೇಲಿನ ಎಳೆ ಕೆಳಗಿನ ಸುತ್ತಿನೊಳಗೆ ಇಳಿಯುತ್ತದೆ. ಅರ್ಧ ನೇಯ್ದ ಮೇಲೆ ಕೆಲವು ಎಳೆ ಸಡಿಲ, ಕೆಲವು ಬಿಗಿ ಆಗುವುದು ಇದರಿಂದಲೇ.

ಪೋಣಿಸುವ ಕೆಲಸ ಕಣ್ಣಿಗೂ ಬೆನ್ನಿಗೂ ಕಷ್ಟ. 400 ಎಳೆ, ಒಂದೊಂದೂ ಸರಿಯಾದ ಶಾಫ್ಟ್‌ನ ಹೆಡಲ್ ಕಣ್ಣಿನಲ್ಲಿ. ಆಮೇಲೆ ಅವೇ ಎಳೆಗಳು ಎರಡೆರಡಾಗಿ ಹಣಿಗೆಯ ಸಂದಿಯಲ್ಲಿ. ನಾನು ಇಪ್ಪತ್ತು ಇಪ್ಪತ್ತು ಎಳೆಯ ಗುಂಪು ಮಾಡಿ, ಒಂದು ಗುಂಪು ಪೋಣಿಸಿದ ಕೂಡಲೇ ಕ್ರಮ ಓದಿ ನೋಡಿ, ಸಡಿಲ ಗಂಟು ಹಾಕಿ ಮುಂದೆ ಹೋಗುತ್ತಿದ್ದೆ. ನಕ್ಷೆ ಬರೆದ ಗ್ರಾಫ್ ಹಾಳೆಯನ್ನು ಕಣ್ಣೆತ್ತರಕ್ಕೆ ಅಂಟಿಸಿಕೊಳ್ಳಿ. ಮಡಿಲಲ್ಲಿ ಇಟ್ಟುಕೊಂಡರೆ ಪ್ರತಿ ಸಲ ತಲೆ ಬಗ್ಗಿಸಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ರಾತ್ರಿ ಈ ಕೆಲಸ ಬೇಡ. ಕಪ್ಪು, ಕಡು ನೀಲಿ ನೂಲಾದರೆ ಹಿಂದುಗಡೆ ಒಂದು ಬಿಳಿ ಬಟ್ಟೆ ಇಳಿಬಿಡಿ, ಎಳೆ ಸ್ಪಷ್ಟವಾಗಿ ಕಾಣುತ್ತದೆ.

ಟವೆಲ್‌ಗಳು ಚೆನ್ನಾಗಿಯೇ ಬಂದವು. ನೇಯಲು ಕೂತ ಮೇಲೆ ಅದು ಬೇಗ ಮುಗಿಯಿತು, ಹೇಳುವಂಥದ್ದು ಹೆಚ್ಚಿಲ್ಲ.

ಟ್ವಿಲ್ ಹೊದಿಕೆಗೆ ಬಂದಾಗ ಹಣಿಗೆಯ ಸಮಸ್ಯೆ ಎದುರಾಯಿತು. ನನ್ನ ಹತ್ತಿರ ಇದ್ದಿದ್ದು ಇಂಚಿಗೆ 10 ಸಂದಿಯ ಹಣಿಗೆ. ಟ್ವಿಲ್‌ಗೆ ಇಂಚಿಗೆ 24 ಎಳೆ ಬೇಕು, ಅದಕ್ಕೆ 12ರ ಹಣಿಗೆ ಸರಿಹೋಗುತ್ತದೆ. ಮಾಡಿಸಲು ಹೇಳಿದೆ. ಇವತ್ತು ನಾಳೆ ಎಂದು ತಿಂಗಳು ದಾಟಿತು. ಹಾಸು ಸುತ್ತಿ ಇಟ್ಟ ಬೀಮ್ ನೋಡಿದಾಗೆಲ್ಲ ಸಂಕಟವಾಗುತ್ತಿತ್ತು. ಅಜ್ಜನಿಗೆ ಫೋನ್ ಮಾಡಿ, "ಅಜ್ಜಾ, ಹಣಿಗೆ ಇನ್ನೂ ಬಂದಿಲ್ಲ, ಏನು ಮಾಡಲಿ?" ಎಂದೆ. "ಇರೋದರಲ್ಲೇ ಎರಡು, ಎರಡು, ಮೂರು ಅಂತ ತುಂಬು. ಯಾರು ಬೇಡ ಅಂದರು?" ಎಂದರು.

ಲೆಕ್ಕ ಹಾಕಿದೆ. ಮೂರು ಸಂದಿಗೆ ಏಳು ಎಳೆ. ಇಂಚಿಗೆ 23 ಚಿಲ್ಲರೆ. ಸಾಕಷ್ಟು ಹತ್ತಿರ. ಮೂರು ಎಳೆ ಕೂತ ಸಂದಿಗಳಿಂದಾಗಿ ಬಟ್ಟೆಯ ಮೇಲೆ ಉದ್ದಕ್ಕೂ ಸಣ್ಣ ಗೀರು ಕಾಣುತ್ತದೆ. ಮಗ್ಗದ ಮೇಲೆ ಅದನ್ನು ನೋಡಿ ಗಾಬರಿ ಆಗಬೇಡಿ. ತೊಳೆದಾಗ ಹತ್ತಿ ಎಳೆಗಳು ಸರಿದು ಕೂರುತ್ತವೆ, ಗೀರು ಬಹುಮಟ್ಟಿಗೆ ಮಾಯವಾಗುತ್ತದೆ. ಇಂಚಿಗೆ 8 ಸಂದಿಯ ಹಣಿಗೆ ಇದ್ದವರು ಎರಡು, ಮೂರು, ಎರಡು, ಮೂರು ಎಂದು ತುಂಬಿದರೆ 20 ಎಳೆ ಸಿಗುತ್ತದೆ. ಹಾಗಾಗಿ ಪ್ರತಿ ಅಳತೆಗೂ ಒಂದೊಂದು ಹಣಿಗೆ ಕೊಳ್ಳುವ ಖರ್ಚು ಬೇಡವೇ ಬೇಡ.

ಟ್ವಿಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಎರಡೂ ಬದಿಯ ಕೊನೆಯ ಎಳೆಯನ್ನು ಲಾಳಿ ಕೆಲವು ಸಲ ಹಿಡಿಯುವುದೇ ಇಲ್ಲ, ಅಂಚು ಬಿಟ್ಟುಕೊಳ್ಳುತ್ತದೆ. ಇದಕ್ಕೆ ಎರಡೂ ಬದಿಗೆ ಒಂದೊಂದು ಎಳೆ ಜಾಸ್ತಿ ಹಾಕಬೇಕು. ಅದನ್ನು ಹಣಿಗೆಯಲ್ಲಿ ತೂರಿಸಬೇಕು, ಹೆಡಲ್‌ಗೆ ಪೋಣಿಸಬಾರದು. ಶಾಫ್ಟ್ ಏಳಲಿ ಇಳಿಯಲಿ, ಅದು ಮಾತ್ರ ನಡುವೆ ನಿಂತಿರುತ್ತದೆ. ಲಾಳಿ ಒಳಗೆ ಹೋಗುವಾಗ ಅದರ ಮೇಲಿಂದ, ಹೊರಗೆ ಬರುವಾಗ ಅದರ ಕೆಳಗಿನಿಂದ. ಇದು ಕೈಗೆ ಕೂತರೆ ಅಂಚು ಗೆರೆ ಎಳೆದ ಹಾಗೆ ಬರುತ್ತದೆ.

ವರ್ಷದ ಅತಿ ಕಷ್ಟದ ಕೆಲಸ ಲಿನನ್. ಅದು ಬಿದ್ದಿದ್ದು ಒಣಹವೆಯ ತಿಂಗಳುಗಳಲ್ಲಿ. ಹತ್ತಿ ಸ್ವಲ್ಪವಾದರೂ ಹಿಗ್ಗುತ್ತದೆ, ಉಣ್ಣೆ ಚೆನ್ನಾಗಿ ಹಿಗ್ಗುತ್ತದೆ. ಲಿನನ್ ಹಿಗ್ಗುವುದೇ ಇಲ್ಲ ಎನ್ನಬೇಕು. ಒಂದು ಎಳೆ ಸ್ವಲ್ಪ ಬಿಗಿ ಇದ್ದರೆ ಅದರ ಮೇಲೇ ಎಲ್ಲಾ ಭಾರ. ಮೊದಲ ದಿನ ಕೂತ ಕೂಡಲೇ ಟಪ್ ಎಂದು ಒಂದು ಕಡಿಯಿತು. ಕಟ್ಟಿದೆ. ಒಂದು ಗೇಣು ನೇಯುವಷ್ಟರಲ್ಲಿ ಇನ್ನೊಂದು. ಹಣಿಗೆಯ ಮುಂದೆ ಎಳೆಗಳ ಮೇಲೆ ಸಣ್ಣ ಜುಂಗು ಎದ್ದು, ಪಕ್ಕದ ಎಳೆಗೆ ಸಿಕ್ಕಿಕೊಂಡು, ಲಾಳಿ ಹೋಗುವ ಬಾಯಿ ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಮಗ್ಗದಲ್ಲೇ ಏನೋ ತೊಂದರೆ ಎಂದುಕೊಂಡು ಶಾಫ್ಟ್‌ಗಳ ಎತ್ತರ ಎಲ್ಲಾ ಅಳೆದೆ. ಎಲ್ಲಾ ಸರಿ ಇತ್ತು. ಅವತ್ತು ಸಂಜೆ ನಿಜಕ್ಕೂ ಅಳು ಬಂತು. ಅಷ್ಟು ದುಬಾರಿ ನೂಲು, ಅಷ್ಟು ದಿನದ ಪೋಣಿಸುವಿಕೆ.

ಅಜ್ಜ ಹೇಳಿದ್ದು ಒಂದೇ ಮಾತು. "ಎಳೆ ಕಡಿದರೆ ಮಗ್ಗಕ್ಕೆ ಬೈಬೇಡ ಮಗಾ. ಮೊದಲು ಗಾಳಿ ನೋಡು."

ಅವರು ಹೇಳಿದ್ದು ಸರಿ. ಲಿನನ್ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಹತ್ತಿಯೂ ಹಾಗೇ. ಒಣಗಿದರೆ ಪೆಡಸಾಗಿ ಕಡಿಯುತ್ತದೆ. ಗುಂಡಿ ಮಗ್ಗದಲ್ಲಿ ನೇಯುವವರಿಗೆ ನೆಲದ ತಂಪು ಹಾಸಿನ ಹತ್ತಿರವೇ ಸಿಗುತ್ತದೆ. ಎತ್ತರದ ಮಗ್ಗಕ್ಕೆ ಆ ಅನುಕೂಲ ಇಲ್ಲ. ಉಣ್ಣೆ ಮತ್ತು ರೇಯಾನ್‌ಗೆ ಮಾತ್ರ ಇದು ಉಲ್ಟಾ. ಒದ್ದೆಯಾದರೆ ಅವುಗಳ ಬಲ ಕಡಿಮೆಯಾಗುತ್ತದೆ, ಅವಕ್ಕೆ ನೀರು ಚಿಮುಕಿಸಲು ಹೋಗಬೇಡಿ.

ಮಗ್ಗದ ಕೆಳಗೆ ಅಗಲ ಪಾತ್ರೆಯಲ್ಲಿ ನೀರು ಇಟ್ಟೆ. ಹಿಂದಿನ ಬೀಮ್ ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿದೆ. ಹೊಕ್ಕಿನ ಕಂಡಿಕೆಗಳನ್ನು (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ನೇಯುವ ಮೊದಲು ತೇವ ಮಾಡಿಟ್ಟೆ. ಹಾಸಿಗೆ ತೆಳುವಾದ ಗಂಜಿಯನ್ನು ಮೃದು ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಸವರಿ, ಶಾಫ್ಟ್ ಎತ್ತಿ ಇಳಿಸಿ ಎಳೆ ಬಿಡಿಸಿ, ಒಣಗಲು ಬಿಟ್ಟೆ. ಜುಂಗು ಕೂತುಬಿಟ್ಟಿತು. ಮಧ್ಯಾಹ್ನ ನೇಯುವುದನ್ನು ಬಿಟ್ಟು ಬೆಳಗಿನ ಜಾವ ಕೂತೆ. ಆಮೇಲೂ ಎಳೆ ಕಡಿಯಿತು, ಆದರೆ ಅಪರೂಪಕ್ಕೆ. ಒಂದು ಎಚ್ಚರಿಕೆ: ಕಬ್ಬಿಣದ ಹಣಿಗೆ ಆದರೆ ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ತುಕ್ಕಿನ ಕಲೆ ನೇರ ಬಟ್ಟೆಗೆ ಹತ್ತುತ್ತದೆ.

ಕಡಿದ ಎಳೆ ಸರಿ ಮಾಡುವ ಕ್ರಮ ಹೇಳುತ್ತೇನೆ, ಇದು ಎಲ್ಲರಿಗೂ ಬೇಕಾಗುತ್ತದೆ. ಎರಡು ತುದಿಯನ್ನು ಅಲ್ಲೇ ಗಂಟು ಹಾಕಲು ಹೋಗಬೇಡಿ. ಉದ್ದ ಸಾಲುವುದಿಲ್ಲ, ಗಂಟು ಹೆಡಲ್ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮೀಟರ್‌ನಷ್ಟು ಹೊಸ ಎಳೆ ತೆಗೆದುಕೊಳ್ಳಿ. ಹಳೆಯ ಎಳೆ ಇದ್ದ ದಾರಿಯಲ್ಲೇ, ಅದೇ ಹೆಡಲ್, ಅದೇ ಹಣಿಗೆ ಸಂದಿಯಲ್ಲಿ ತೂರಿಸಿ. ಬಟ್ಟೆಯಲ್ಲಿ ಕಡಿದ ಜಾಗದಿಂದ ಎರಡು ಇಂಚು ಕೆಳಗೆ ಒಂದು ಗುಂಡುಪಿನ್ ಚುಚ್ಚಿ, ಹೊಸ ಎಳೆಯ ತುದಿಯನ್ನು ಅದಕ್ಕೆ ಎಂಟರ ಆಕಾರದಲ್ಲಿ ಸುತ್ತಿ. ಹಿಂದಿನ ತುದಿಯನ್ನು ಬೀಮ್ ಆಚೆ ಇಳಿಬಿಟ್ಟು ಒಂದು ಸಣ್ಣ ಭಾರ ಕಟ್ಟಿ. ಪಕ್ಕದ ಎಳೆಗಳನ್ನು ಬೆರಳಿನಲ್ಲಿ ಒತ್ತಿ ನೋಡಿ, ಅಷ್ಟೇ ಬಿಗಿ ಬರುವ ಹಾಗೆ ಭಾರ ಹೊಂದಿಸಿ. ನೇಯುತ್ತಾ ಹೋಗಿ. ಹಳೆಯ ಎಳೆ ಸಾಕಷ್ಟು ಮುಂದೆ ಬಂದ ಮೇಲೆ ಅದನ್ನೇ ಮತ್ತೆ ದಾರಿಗೆ ತಂದು, ಇದೇ ರೀತಿ ಪಿನ್‌ಗೆ ಸುತ್ತಿ, ಹೊಸದನ್ನು ಬಿಟ್ಟುಬಿಡಬಹುದು. ಉಳಿದ ತುದಿಗಳನ್ನು ಬಟ್ಟೆ ಇಳಿಸಿದ ಮೇಲೆ ಸೂಜಿಯಲ್ಲಿ ಅದೇ ಎಳೆಯ ಜಾಡಿನಲ್ಲಿ ಒಂದು ಇಂಚು ಹೊಲಿದು ಕತ್ತರಿಸಿದರೆ, ಎಲ್ಲಿ ಕಡಿದಿತ್ತು ಎಂದು ನೇಯ್ದವರಿಗೂ ಗೊತ್ತಾಗುವುದಿಲ್ಲ.

ಲಿನನ್ ಆದ ಮೇಲೆ ವಾಫಲ್ ನೇಯ್ಗೆ ಹಬ್ಬದಂತೆ ಇತ್ತು. ಇದರಲ್ಲಿ ಕೆಲವು ಎಳೆಗಳು ಉದ್ದಕ್ಕೆ ತೇಲುತ್ತವೆ, ಕೆಲವು ಬಿಗಿಯಾಗಿ ನೇಯ್ದುಕೊಳ್ಳುತ್ತವೆ. ಮಗ್ಗದ ಮೇಲೆ ಬಿಗಿದಿರುವಾಗ ನೋಡಿದರೆ ಚಪ್ಪಟೆ ಚೌಕಗಳು, ಅಷ್ಟೇ. ಏನೂ ವಿಶೇಷ ಕಾಣುವುದಿಲ್ಲ. ಬಿಚ್ಚಿದ ಕೂಡಲೇ ಸ್ವಲ್ಪ ಸುಕ್ಕಾಯಿತು. ಬಿಸಿ ನೀರಿಗೆ ಸೋಪು ಹಾಕಿ ಮುಳುಗಿಸಿದೆ. ಕೈಯಲ್ಲಿ ಒತ್ತುತ್ತಿದ್ದ ಹಾಗೆ ಬಟ್ಟೆ ಒಳಗೆ ಒಳಗೆ ಸೇರಿಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು. ತೆಗೆದು ನೋಡಿದರೆ ಪ್ರತಿ ಚೌಕದ ಅಂಚೂ ಎದ್ದು ನಿಂತಿದೆ, ನಡುವೆ ಗುಳಿ ಬಿದ್ದಿದೆ. ನೀರು ಆ ಗುಳಿಗಳಲ್ಲಿ ನಿಂತಿತ್ತು. ಅದನ್ನು ನೋಡಿ ಆದ ಸಂತೋಷ ಹೇಳಲಾರೆ.

ಆದರೆ ಕುಗ್ಗುವುದಕ್ಕೆ ತಯಾರಿರಬೇಕು. ವಾಫಲ್ ನಾಲ್ಕನೇ ಒಂದು ಪಾಲಿನಷ್ಟು ಕುಗ್ಗುತ್ತದೆ, ಕೆಲವು ಸಲ ಇನ್ನೂ ಜಾಸ್ತಿ. ಮಗ್ಗದ ಮೇಲೆ 24 ಇಂಚು ಅಗಲ ಇದ್ದದ್ದು 18ಕ್ಕೆ ಬರಬಹುದು. ಇದೇ ಕಾರಣಕ್ಕೆ ನಾನು ಹಾಸಿಗೆ ಯಾವಾಗಲೂ ಅರ್ಧ ಮೀಟರ್ ಜಾಸ್ತಿ ಹಾಕುತ್ತೇನೆ. ಆರಂಭದಲ್ಲಿ ಒಂದು ತುಂಡು ನೇಯ್ದು, ಕತ್ತರಿಸಿ, ತೊಳೆದು, ಒಣಗಿಸಿ, ಅಳೆದು ನೋಡುತ್ತೇನೆ. ನೂಲು ಹಾಳು ಎಂದು ಕೆಲವರಿಗೆ ಅನಿಸಬಹುದು. ಆ ತುಂಡು ಹೇಳುವುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಯಾಕೆಂದರೆ ಅದು ನಿಮ್ಮ ನೂಲು, ನಿಮ್ಮ ಕೈಯ ಹೊಡೆತ, ನಿಮ್ಮ ನೀರು.

ತೊಳೆಯುವ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯವೇ ಇದೆ. ಮಗ್ಗದಿಂದ ಇಳಿದಿದ್ದು ಇನ್ನೂ ಬಟ್ಟೆ ಅಲ್ಲ. ತೊಳೆಯದೆ ಮಡಿಚಿ ಉಡುಗೊರೆ ಕೊಡುವವರನ್ನು ಕಂಡರೆ ಬೇಸರವಾಗುತ್ತದೆ. ಪಡೆದವರು ಮೊದಲ ಸಲ ಒಗೆದಾಗ ಅದು ಕುಗ್ಗಿ ಬೇರೆಯೇ ರೂಪಕ್ಕೆ ಬರುತ್ತದೆ, ತಪ್ಪು ತಮ್ಮದೇ ಎಂದು ಅವರು ನೊಂದುಕೊಳ್ಳುತ್ತಾರೆ.

ಕೊನೆಯದು ಕಂಬಳಿ. ಅಕ್ಕನಿಗೆ ಕೊಡಬೇಕೆಂದು ಹೊರಟಿದ್ದು. ನನ್ನ ಮಗ್ಗದ ಅಗಲ 36 ಇಂಚು. ಕಂಬಳಿಗೆ ಅದರ ಎರಡರಷ್ಟು ಬೇಕು. ಅಗಲ ಬಟ್ಟೆಯದ್ದು ಹಳೆಯ ತೊಂದರೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಗ್ಗ ಎಳೆದರೆ ಹಾರುವ ಲಾಳಿಗೆ ಪೇಟೆಂಟ್ ಪಡೆಯುವವರೆಗೆ, ಕೈಯಿಂದ ಕೈಗೆ ಲಾಳಿ ಎಸೆಯುವ ಒಬ್ಬ ನೇಕಾರನಿಗೆ ಕೈ ಎಟುಕುವಷ್ಟೇ ಅಗಲ. ಅದಕ್ಕಿಂತ ಅಗಲ ಬೇಕಾದರೆ ಇಬ್ಬರು ಕೂರಬೇಕಿತ್ತು. ನನ್ನ ಮಗ್ಗಕ್ಕೆ ಹಾರುವ ಲಾಳಿ ಇದ್ದರೂ ಅಗಲವೇ ಇಲ್ಲವಲ್ಲ. ಹಾಗಾಗಿ ಎರಡು ಪದರದಲ್ಲಿ ನೇಯ್ದೆ. ಒಂದು ಬದಿಯಲ್ಲಿ ಪದರಗಳು ಕೂಡಿರುತ್ತವೆ, ಇನ್ನೊಂದು ಬದಿ ತೆರೆದಿರುತ್ತದೆ. ಇಳಿಸಿ ಬಿಚ್ಚಿದರೆ ಎರಡು ಪಟ್ಟು ಅಗಲ.

ನಾಲ್ಕು ಶಾಫ್ಟ್‌ನಲ್ಲಿ ಇದು ಸಾಧ್ಯ. ಎರಡು ಶಾಫ್ಟ್ ಮೇಲಿನ ಪದರಕ್ಕೆ, ಎರಡು ಕೆಳಗಿನದಕ್ಕೆ. ಲಾಳಿಯ ಕ್ರಮ ತೆರೆದ ಬದಿಯಿಂದ ಶುರು: ಮೇಲೆ ಒಂದು ಸಲ, ಕೆಳಗೆ ಎರಡು ಸಲ, ಮತ್ತೆ ಮೇಲೆ ಒಂದು ಸಲ. ಈ ಕ್ರಮ ತಪ್ಪಿದರೆ ತೆರೆದಿರಬೇಕಾದ ಬದಿಯೂ ಮುಚ್ಚಿ ಚೀಲವಾಗುತ್ತದೆ. ಹಣಿಗೆಯಲ್ಲಿ ಎರಡೂ ಪದರದ ಎಳೆ ಒಟ್ಟಿಗೆ ಕೂರುವುದರಿಂದ ಸಂದಿಗಳು ತುಂಬಿಹೋಗುತ್ತವೆ. ಉಣ್ಣೆ ಎಳೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಪ್ರತಿ ಸಲ ಪೆಡಲ್ ತುಳಿದ ಮೇಲೆ ಬಾಯಿ ಪೂರ್ತಿ ತೆರೆದಿದೆಯೇ ಎಂದು ನೋಡಿಯೇ ಲಾಳಿ ಬಿಡಬೇಕು. ನಿಧಾನದ ಕೆಲಸ.

ಇದರಲ್ಲಿ ನಿಜವಾದ ಭಯ ಎಂದರೆ ಕೆಳಗಿನ ಪದರ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಎಳೆ ತಪ್ಪಿದರೆ ಕಂಬಳಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ನಾನು ಮಗ್ಗದ ಕೆಳಗೆ ನೆಲದ ಮೇಲೆ ಒಂದು ಕನ್ನಡಿ ಇಟ್ಟು, ಮೊಬೈಲ್ ಟಾರ್ಚ್ ಹಾಕಿ, ಸ್ವಲ್ಪ ಸ್ವಲ್ಪ ನೇಯ್ದ ಹಾಗೆ ಬಗ್ಗಿ ನೋಡುತ್ತಿದ್ದೆ. ಮಡಿಕೆಯ ಬದಿಯಲ್ಲಿ ಹೊಕ್ಕು ಎಳೆದು ಎಳೆಗಳು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ, ಬಿಚ್ಚಿದರೆ ಕಂಬಳಿಯ ನಟ್ಟನಡುವೆ ದಪ್ಪ ಗೆರೆ ಕಾಣುತ್ತದೆ. ಅದಕ್ಕೆ ಮಡಿಕೆಯ ತುದಿಯಲ್ಲಿ ಮೀನು ಹಿಡಿಯುವ ನೈಲಾನ್ ದಾರವನ್ನು ಭಾರ ಕಟ್ಟಿ ಬಿಗಿಯಾಗಿ ಇಳಿಬಿಟ್ಟೆ. ಹೊಕ್ಕು ಅದನ್ನು ಸುತ್ತಿಕೊಂಡು ತಿರುಗುತ್ತದೆ, ಒಳಗೆ ಎಳೆಯಲು ಆಗುವುದಿಲ್ಲ. ಕೊನೆಯಲ್ಲಿ ದಾರ ಎಳೆದುಬಿಟ್ಟರೆ ಆಯಿತು.

ಉಣ್ಣೆ ತೊಳೆಯುವಾಗ ಕೈ ನಡುಗುತ್ತಿತ್ತು. ಉಣ್ಣೆ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದರೆ ಅವು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ದಪ್ಪವಾಗುತ್ತದೆ, ಮೃದುವಾಗುತ್ತದೆ. ಅತಿಯಾದರೆ ಗಟ್ಟಿ ಹಲಗೆ. ಹಿಂದಕ್ಕೆ ತರುವ ದಾರಿ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ, ಮೊದಲೇ ನೇಯ್ದ ಮಾದರಿ ತುಂಡನ್ನೂ ಜೊತೆಗೆ ಹಾಕಿ, ಒತ್ತಿ ಒತ್ತಿ ನೋಡುತ್ತಾ, ಸಂದುಗಳು ಮುಚ್ಚಿದವು ಎನ್ನುವಾಗ ನಿಲ್ಲಿಸಿದೆ. ಸೂಪರ್‌ವಾಶ್ ಎಂದು ಬರೆದ ಉಣ್ಣೆ ಹೀಗೆ ಸೇರಿಕೊಳ್ಳುವುದಿಲ್ಲ, ಕಂಬಳಿಗೆ ಅದನ್ನು ಕೊಳ್ಳಬೇಡಿ. ಅಕ್ಕನಿಗೆ ಹೊದಿಸಿದೆ. "ಇದನ್ನು ನೀನೇ ನೇಯ್ದೆಯೇನೇ?" ಎಂದು ಮಡಿಕೆಯ ಗೆರೆ ಇದ್ದ ಜಾಗದ ಮೇಲೇ ಕೈ ಆಡಿಸಿದಳು, ಅವಳಿಗೆ ಗೆರೆ ಸಿಗಲಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಗ್ಗ ಒಂದು ಸಲದ ಖರ್ಚು. ಆಮೇಲೆ ಹೆಚ್ಚು ಹೋಗುವುದು ನೂಲಿಗೆ, ಅದರಲ್ಲೂ ಲಿನನ್ ಮತ್ತು ಉಣ್ಣೆಗೆ. ಸಾಗಣೆ ಖರ್ಚು ಸೇರಿಸಿಕೊಳ್ಳಿ, ಕೋನ್‌ಗಳು ಭಾರ. ನೇಯ್ದ ಟವೆಲ್ ಅಂಗಡಿಯ ಟವೆಲ್‌ಗಿಂತ ಅಗ್ಗ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಮಯಕ್ಕೆ ಬೆಲೆ ಕಟ್ಟಿದರಂತೂ ಲೆಕ್ಕವೇ ಸಿಗದು. ಮೊದಲ ವರ್ಷಕ್ಕೆ 8/2 ಹತ್ತಿಯಲ್ಲೇ ಎರಡು ಮೂರು ಬಣ್ಣ ಇಟ್ಟುಕೊಂಡು ಕಲಿಯುವುದು ಒಳ್ಳೆಯದು. ಬಣ್ಣಬಣ್ಣದ ಕೋನ್ ಕಂಡಾಗೆಲ್ಲ ಕೊಂಡರೆ ಯಾವುದೂ ಒಂದು ಹಾಸಿಗೆ ಸಾಲುವುದಿಲ್ಲ.

ಕಾಗದಪತ್ರ ಅಂದರೆ ನೇಕಾರರಿಗೆ ಒಂದು ನೋಟ್‌ಬುಕ್. ಪ್ರತಿ ಹಾಸಿಗೂ ನಾನು ಬರೆದಿಟ್ಟಿದ್ದು: ನೂಲಿನ ನಂಬರು, ಲಾಟ್, ಇಂಚಿಗೆ ಎಳೆ, ಹಣಿಗೆಯಲ್ಲಿ ಅಗಲ, ಮಗ್ಗದಿಂದ ಇಳಿಸಿದಾಗಿನ ಅಳತೆ, ತೊಳೆದ ಮೇಲಿನ ಅಳತೆ, ಹವೆ ಹೇಗಿತ್ತು. ಪಕ್ಕದಲ್ಲಿ ತೊಳೆದ ಒಂದು ತುಂಡು, ತೊಳೆಯದ ಒಂದು ತುಂಡು ಪಿನ್ ಮಾಡಿದ್ದೇನೆ. ಮೇಲೆ ಕೊಟ್ಟ ಲೆಕ್ಕಗಳೆಲ್ಲ ಅದರಿಂದಲೇ ತೆಗೆದಿದ್ದು.

ಈಗ ಮತ್ತೆ ಟವೆಲ್‌ಗೆ ಕೈ ಹಾಕಿದ್ದೇನೆ. ಈ ಸಲ ನಕ್ಷೆ, ಎಳೆಗಳ ಸಂಖ್ಯೆ ಎರಡನ್ನೂ ಬದಲಿಸದೆ ಸಾಲಾಗಿ ಎರಡು ಹಾಸು ನೇಯುವ ಯೋಚನೆ. ಹಾಗೆ ಮಾಡಿದರೆ ಎರಡನೇ ಹಾಸನ್ನು ಮತ್ತೆ ಮೊದಲಿನಿಂದ ಪೋಣಿಸಬೇಕಿಲ್ಲ. ಹಳೆಯ ಹಾಸಿನ ಕೊನೆಯನ್ನು ಹೆಡಲ್‌ನಲ್ಲೇ ಉಳಿಸಿಕೊಂಡು, ಹೊಸ ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗಳಿಗೆ ಗಂಟು ಹಾಕಿ, ಮೆಲ್ಲಗೆ ಎಳೆದು ದಾಟಿಸಿದರೆ ಸಾಕು. 8/2 ಹತ್ತಿಯಲ್ಲಿ ಸಣ್ಣ ಗಂಟು ಹೆಡಲ್ ಕಣ್ಣು ದಾಟುತ್ತದೆ, ಹಣಿಗೆಯನ್ನೂ ದಾಟುತ್ತದೆ. ತುದಿಗಳನ್ನು ತೀರಾ ಗಿಡ್ಡ ಕತ್ತರಿಸಬೇಡಿ, ಎಳೆಯುವಾಗ ಗಂಟು ಬಿಚ್ಚಿಕೊಳ್ಳುತ್ತದೆ. ಅರ್ಧ ಇಂಚು ಇರಲಿ.